ಅಪ್ಪನ ಅಂಗಾಲಿನ ಕಡಲಪಾಚಿ

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನಮ್ಮಪ್ಪನ ಅಂಗಾಲ ಹುಣ್ಣಿಗೆ ಮಾತ್ರ ಇಡೀ ಊರಿನ ಕಣ್ಣು ಬೇಕಾಗಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾನು ಚನ್ನರಾಯಪಟ್ಟಣದಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುತ್ತಿದ್ದೆ. ಅಪ್ಪ ಹೊಳೆನರಸೀಪುರದ ಕಡೆಯ ನಮ್ಮೂರಲ್ಲಿ ಬೇಸಾಯ ಮಾಡಿಕೊಂಡಿದ್ದ. ಸಕ್ಕರೆ ಕಾಯಿಲೆಯಿಂದ ಅವನ ಪಾದ ಮರಗಟ್ಟಿತ್ತು. ಚಪ್ಪಲಿಯ ಮೊಳೆ ಚುಚ್ಚಿದ್ದು ಹೆಬ್ಬೆರಳ ಬುಡದಲ್ಲಿ ಗುಳಿ ಬಿದ್ದ ಮೇಲೆಯೇ ಗೊತ್ತಾದದ್ದು.

ಹಾಸನದ ಡಾಕ್ಟರು ಗಾಯ ಶುದ್ಧ ಮಾಡಿ, ಅದರೊಳಕ್ಕೆ ಬಿಳಿ ಹತ್ತಿಯಂಥದ್ದೇನನ್ನೋ ತುಂಬಿ ಕಟ್ಟಿದರು. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಅಂತೆ. ಗಾಯದ ನೀರನ್ನು ಹೀರಿ ಲೋಳೆಯಾಗುತ್ತದೆ, ಆ ಲೋಳೆಯ ತೇವದ ಅಡಿಯಲ್ಲಿ ಹೊಸ ಮಾಂಸ ಬೆಳೆಯುತ್ತದೆ.

“ಮುಂದಿನ ಸಲ ನಾನೇ ಬಿಚ್ಚುತ್ತೇನೆ. ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ. ಮೂಳೆಗೆ ಇಳಿದರೆ ಬೆರಳು ಉಳಿಯೋದಿಲ್ಲ” ಎಂದರು.

ಅಪ್ಪ ನಕ್ಕ. “ಸಣ್ಣೋನಿಂದ ಕೆರೆ ಪಾಚಿ ಮ್ಯಾಲೆ ಜಾರಿ ಬಿದ್ದು ಬೆಳ್ದೋನ್ಗೆ ಕಡ್ಲು ಪಾಚಿ ಮದ್ದಾ ಸಾ!”

ಆ ಶನಿವಾರ ಊರಿಗೆ ಹೋದೆ. ಅಮ್ಮ ಬಾಗಿಲಲ್ಲೇ ಹೆಮ್ಮೆಯಿಂದ ಹೇಳಿದಳು. “ಒಳ್ಗೆಲ್ಲಾ ಕೀವು ತುಂಬ್ಕಂಡಿತ್ತು ಕಣವ್ವ. ಬಿಸ್ನೀರಲ್ಲಿ ತೊಳ್ದು ಸುದ್ದ ಮಾಡ್ದೆ.”

ಗಾಯದ ತುಂಬ ಅರಿಶಿನ ಮೆತ್ತಿತ್ತು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

“ಅದು ಕೀವಲ್ಲ ಕಣಮ್ಮ, ಅದೇ ಔಷಧಿ!”

“ಔಸ್ದಿ ಅಂಗೆ ಲೊಳಲೊಳ ಅಂತದಾ?”

“ಹಾಲಿಗೆ ಹೆಪ್ಪು ಹಾಕಿ ಗಳಿಗೆಗೊಂದ್ಸಲ ಕಲಕಿ ನೋಡ್ತೀಯಾ?”

“ಮೊಸ್ರು ಬ್ಯಾರೆ, ಕಾಲು ಬ್ಯಾರೆ” ಎಂದು ಒಳಗೆ ಹೋದಳು.

ಮತ್ತೆ ಹಾಸನ, ಮತ್ತೆ ಅದೇ ಕಟ್ಟು. ಅಮ್ಮ ಹೇಗೋ ದಾರಿಗೆ ಬಂದಳು. ಆದರೆ ನೆಂಟರು? ನಮ್ಮ ಕಡೆ ಬ್ರೆಡ್ಡು, ಮೂಸಂಬಿ ಹಿಡಿದು ಬಂದವರಿಗೆ ಗಾಯ ತೋರಿಸಲೇಬೇಕು. ತೋರಿಸದಿದ್ದರೆ ಅವರನ್ನು ಹೊರಗಿನವರು ಮಾಡಿದಂತೆ. ಸಾಲಗಾಮೆಯಿಂದ ಬಂದ ಸೋದರತ್ತೆಗೆ ನಾನು ಅಡ್ಡ ನಿಂತೆ.

“ಒಡುಟ್ದೋನ್ ಗಾಯ ನೋಡ್ದೆ ಓಗಕೆ ನಾನೇನು ಬೀದಿಯೋಳಾ?” ಎಂದು ಅತ್ತೆ ಕಣ್ಣಿಗೆ ಸೆರಗು ಹಚ್ಚಿದಳು.

“ನೋಡ್ಲಿ ಬುಡವ್ವ, ಅಷ್ಟು ದೂರದಿಂದ ಬಂದವ್ಳೆ” ಎಂದು ಅಪ್ಪನೇ ಕಟ್ಟು ಬಿಚ್ಚಿದ. ಲೋಳೆ ಬಟ್ಟೆಯ ಜೊತೆಯಲ್ಲೇ ಎದ್ದು ಬಂತು. ಅತ್ತೆ ಲೊಚಗುಟ್ಟಿ, ತುಂಬೆ ಸೊಪ್ಪಿನ ರಸ ಬಿಡಲು ಹೇಳಿ, ಕಾಫಿ ಕುಡಿದು ಹೋದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಬಂದವರೆಲ್ಲ ಒಳ್ಳೆಯವರೇ, ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ಬಾಗಿಲಲ್ಲೇ ಬೈದು ಕಳಿಸಬಹುದಿತ್ತು. ನಾನು ಮಕ್ಕಳ ಮುಂದೆ ಜೀವಕೋಶದ ಚಿತ್ರ ಬರೆಯುವಾಗಲೂ, ಈಗ ಅಲ್ಲಿ ಯಾರು ಕಟ್ಟು ಬಿಚ್ಚುತ್ತಿದ್ದಾರೋ ಎಂದು ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ಗಾಯ ಮೂಳೆಗೆ ಇಳಿಯಿತು. ಹಾಸನದಲ್ಲಿ ಹೆಬ್ಬೆರಳು ತೆಗೆದರು. ಆ ಜಾಗಕ್ಕೂ ಅದೇ ಪಾಚಿಯನ್ನು ತುಂಬಿ ಕಟ್ಟಿ ಕಳಿಸಿದರು.

ಅತ್ತೆ ಮತ್ತೆ ಬಂದಳು. ಅಪ್ಪ ಅಭ್ಯಾಸದಂತೆ ಕಟ್ಟಿಗೆ ಕೈ ಹಾಕಿದ.

“ಬ್ಯಾಡ ಕಣಣ್ಣ, ಬಿಚ್ಬ್ಯಾಡ. ನನ್ ಕೈಲಿ ನೋಡಕಾಗಕಿಲ್ಲ” ಎಂದು ಅತ್ತೆ ಗೋಡೆ ಕಡೆ ತಿರುಗಿದಳು. ಆಮೇಲೆ ಬಂದವರೂ ಅಷ್ಟೇ, ಮೂಸಂಬಿ ಇಟ್ಟು, ಮಳೆ ಬೆಳೆ ಮಾತಾಡಿ ಎದ್ದರು. ಯಾರೂ ಮುಟ್ಟದ ಕಟ್ಟಿನೊಳಗೆ ಲೋಳೆ ತನ್ನ ಪಾಡಿಗೆ ಕೆಲಸ ಮಾಡಿತು. ಡಾಕ್ಟರು ಬಿಚ್ಚಿದಾಗಲೆಲ್ಲ ಅಡಿಯಲ್ಲಿ ಕೆಂಪಗೆ ಹೊಸ ಮಾಂಸ ಕಾಣುತ್ತಿತ್ತು. ನನಗೆ ಸಂತೋಷ ಆಗಬೇಕಿತ್ತು, ಆದರೆ ಬೆರಳಿದ್ದಾಗಲೇ ಹೀಗೆ ಬಿಟ್ಟಿದ್ದರೆ ಎಂದು ಮೈಯೆಲ್ಲ ಉರಿಯಿತು.

ಗಾಯ ಪೂರ್ತಿ ಮಾಗಿದ ದಿನ ಅಪ್ಪ ಜಗಲಿಯಲ್ಲಿ ಕೂತು, ಕಾಲು ನೀಡಿ ಅಮ್ಮನನ್ನು ಕೂಗಿದ.

“ಬಾರೇ ಇಲ್ಲಿ, ಎಂಗೆ ಕೂಡ್ಕಂಡದೆ ನೋಡು!”

ಮೊದಲ ಕಟ್ಟು ಬಿಚ್ಚಿ ತೊಳೆದಿದ್ದ ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.