ಕ್ಯಾಸೆಟ್ ಅಂಗಡಿಯ ಮುಂದಿನ ಚಪ್ಪಲಿಗಳು

ಅಂಗಡಿಯೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಬರಬಾರದು ಅನ್ನುವ ನಿಯಮ ಮಾಡಿದವಳು ನಾನು. ಒಳಗೆ ಲಕ್ಷ್ಮಿಯ ಪಟ ಇತ್ತು, ಶುಕ್ರವಾರ ಶುಕ್ರವಾರ ನಾನೇ ಹೋಗಿ ಪೂಜೆ ಮಾಡುತ್ತಿದ್ದೆ. ನಮ್ಮ ಯಜಮಾನರಿಗೆ ದೇವರಿಗಿಂತ ಧೂಳಿನದೇ ಯೋಚನೆ. ರಸ್ತೆಯ ಮಣ್ಣು ಕಾರ್ಪೆಟ್ಟಿಗೆ ಬಿದ್ದು, ಅಲ್ಲಿಂದ ವಿಡಿಯೋ ಮೆಷಿನ್ನಿನ ಹೆಡ್ಡಿಗೆ ಹತ್ತಿದರೆ ಪಿಕ್ಚರ್ ತುಂಬಾ ಗೆರೆ ಬರುತ್ತದೆ ಅಂತ ಅವರೂ ಒಪ್ಪಿಕೊಂಡರು. ಬಾಗಿಲಿಗೆ ಬೋರ್ಡು ಬಿತ್ತು. ಮೊದಮೊದಲು ಗಿರಾಕಿಗಳು ರೇಗಿಸೋರು. "ಏನ್ ಸಾರ್, ಮಂಗಳಾರತಿ ಆಯ್ತಾ? ಫೈಟಿಂಗ್ ಪಿಕ್ಚರ್ ತಗೊಳ್ಳೋಕೂ ಮಡಿ ಉಟ್ಕೊಂಡ್ ಬರ್ಬೇಕಾ?" ಆಮೇಲೆ ಎಲ್ಲರಿಗೂ ಅಭ್ಯಾಸವಾಗಿಹೋಯಿತು. ವ್ಯಾಪಾರ ಹೇಗಿದೆ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ, ರಾಜಾಜಿನಗರದಲ್ಲಿ ಬಸ್ಸಿಂದ ಇಳಿಯುವಾಗಲೇ ಅಂಗಡಿ ಮುಂದಿನ ಚಪ್ಪಲಿ ರಾಶಿ ನೋಡಿ ನನಗೆ ಗೊತ್ತಾಗುತ್ತಿತ್ತು.

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ಆ ರಾಶಿ ಮೋರಿವರೆಗೂ ಹೋಗಿದ್ದುಂಟು. ಹಾಡಿನ ಕ್ಯಾಸೆಟ್ ಮಾರುತ್ತಿದ್ದೆವು, ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆವು. ಶನಿವಾರ ಬಂತೆಂದರೆ ಕಲರ್ ಟೀವಿ, ಪ್ಲೇಯರ್ರು ಆಟೋ ಹತ್ತಿ ಯಾರ್ಯಾರದೋ ಮನೆಗೆ ಹೋಗುತ್ತಿದ್ದವು. ಮೆಂಬರುಗಳಿಂದ ಡಿಪಾಜಿಟ್ ತೆಗೆದುಕೊಂಡು, ಆ ದುಡ್ಡಿನಲ್ಲಿ ಯಜಮಾನರು ವಿಜಯನಗರದಲ್ಲಿ ಎರಡನೇ ಅಂಗಡಿ ತೆರೆದರು. ಅದೇ ಹೊತ್ತಿಗೆ ಯಾರೋ ಒಬ್ಬ ಮನೇಲಿ ಒಂದು ಮೆಷಿನ್ ಇಟ್ಟುಕೊಂಡು, ಮರದಿಂದ ಮರಕ್ಕೆ ವೈರು ಎಳೆದು, ಬೀದಿಗೆಲ್ಲಾ ಪಿಕ್ಚರ್ ಹಾಕೋಕೆ ಶುರು ಮಾಡಿದ. ಮನೆಗೇ ಪಿಕ್ಚರ್ ಬಂದಮೇಲೆ ಅಂಗಡಿಗೆ ಯಾರು ಬರುತ್ತಾರೆ? ವಿಜಯನಗರದ ಅಂಗಡಿ ವರ್ಷ ತುಂಬುವ ಮುಂಚೆಯೇ ಮುಚ್ಚಿತು. ರಾಜಾಜಿನಗರದ್ದರ ಮುಂದೆ ಚಪ್ಪಲಿ ಕಡಿಮೆಯಾಗುತ್ತಾ ಬಂದವು. ಬರುತ್ತಿದ್ದವರೂ ಕ್ಯಾಸೆಟ್ಟಿಗೆ ಬರುತ್ತಿರಲಿಲ್ಲ, ಡಿಪಾಜಿಟ್ ವಾಪಸ್ ಕೇಳೋಕೆ ಬರುತ್ತಿದ್ದರು. ಯಜಮಾನರು ಇವತ್ತು ನಾಳೆ ಅನ್ನುತ್ತಿದ್ದರು. ರಾತ್ರಿ ಊಟಕ್ಕೆ ಕೂತು ಅನ್ನ ಕಲೆಸಿ ಹಾಗೇ ಎದ್ದುಬಿಡೋರು.

ಒಂದು ಶುಕ್ರವಾರ ಮಧ್ಯಾಹ್ನ ಒಂದು ಟೀವಿಯನ್ನು ರಿಪೇರಿಗೆ ಅಂತ ಆಟೋದಲ್ಲಿ ಕಳಿಸಿದರು. ಯಾರೋ ನೋಡಿದರು. ಮಾಲು ಸಾಗಿಸುತ್ತಿದ್ದಾರೆ, ರಾತ್ರೋರಾತ್ರಿ ಅಂಗಡಿ ಖಾಲಿ ಅಂತ ಸುದ್ದಿ ಹಬ್ಬಿತು. ನಾನು ಒಳಗೆ ಲಕ್ಷ್ಮಿಗೆ ಕರ್ಪೂರ ಹಚ್ಚುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲು ತುಂಬಾ ಜನ.

"ಲೇ, ಎಲ್ಲಿಗೋ ಸಾಗಿಸ್ತಾ ಇದೀಯ?"

"ರಿಪೇರಿಗೆ ಹೋಗಿದೆ ಸಾರ್. ಸಂಜೆ ಬರುತ್ತೆ."

"ಸಂಜೆಗೆ ನೀನಿರ್ತೀಯೇನೋ?"

ಮಾತು ಅಷ್ಟೇ ನಡೆದದ್ದು. ಮೊದಲ ಏಟಿಗೆ ಯಜಮಾನರ ಕನ್ನಡಕ ಹಾರಿತು. ಎರಡನೆಯದಕ್ಕೆ ಅವರೇ ಗಾಜಿನ ಕೌಂಟರಿನ ಮೇಲೆ ಬಿದ್ದರು, ಅದು ಅವರ ತೂಕಕ್ಕೆ ಒಳಕ್ಕೆ ಕುಸಿಯಿತು. ಎದ್ದೇಳಲು ಹೋದವರನ್ನು ಕಾಲರ್ ಹಿಡಿದು ಎಳೆದು ಕಾರ್ಪೆಟ್ಟಿನ ಮೇಲೆ ಹಾಕಿ ತುಳಿದರು. ಶಟರ್ ಎಳೆಯೋ ಕಬ್ಬಿಣದ ಕಂಬಿ, ತುದಿಗೆ ಕೊಕ್ಕೆ ಇರುತ್ತದಲ್ಲ, ಅದು ಮೂಲೆಯಲ್ಲಿ ನಿಂತಿತ್ತು. ಒಬ್ಬ ಅದನ್ನು ತೆಗೆದು ಬೀಸಿದ. ಒಣಗಿದ ಕಾಯಿ ಒಡೆದ ಹಾಗೆ ಶಬ್ದವಾಯಿತು. ಅದು ಯಜಮಾನರ ದವಡೆ. ಹೊಡೆದವನು ಯಾರು ಅಂತ ನಾನು ನೋಡಲಿಲ್ಲ. ನೋಡಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ.

ನಾನು ಆರತಿ ತಟ್ಟೆ ಹಿಡಿದುಕೊಂಡೇ ಗೋಡೆಗೆ ಒತ್ತಿಕೊಂಡು ಕೂತಿದ್ದೆ. ರ‍್ಯಾಕುಗಳು ಮಗುಚಿ ಬೀಳುತ್ತಿದ್ದವು. ಕ್ಯಾಸೆಟ್ಟುಗಳನ್ನು ತುಳಿದು, ಕಿತ್ತು, ಟೇಪನ್ನು ಕರುಳು ಎಳೆದ ಹಾಗೆ ಎಳೆಯುತ್ತಿದ್ದರು. ಅಷ್ಟರಲ್ಲಿ ಒಬ್ಬ ಹುಡುಗ, ಗುಮಾಸ್ತನ ಥರ ಕಾಣುತ್ತಿದ್ದ, ಮೀಸೆ ಆಗ ತಾನೇ ಬಂದವನು, ನನ್ನ ತಲೆ ಮೇಲಿನ ಶೆಲ್ಫಿಗೆ ಕೈ ಹಾಕಿದ. ಮೊದಲು ಲಕ್ಷ್ಮಿಯ ಪಟ ತೆಗೆದ. ಅದನ್ನು ಕಣ್ಣಿಗೆ ಒತ್ತಿಕೊಂಡ. "ತಗೊಳ್ಳಿ ಆಂಟಿ, ಹುಷಾರು" ಅಂತ ನನ್ನ ಮಡಿಲಲ್ಲಿ ಇಟ್ಟ. ಆಮೇಲೆ ಶೆಲ್ಫನ್ನು ಗೋಡೆಯಿಂದ ಕಿತ್ತು ಎಳೆದುಕೊಂಡು ಹೋದ.

ಪೊಲೀಸ್ ವ್ಯಾನು ಬಂದಾಗ ಎಲ್ಲರೂ ಓಡಿದರು. ಗಾಜಿನ ಮೇಲೆ ಓಡಿದರು. ಆಗಲೇ ನನ್ನ ಗಮನಕ್ಕೆ ಬಂದದ್ದು: ಬಹಳ ಜನ ಬರಿಗಾಲಲ್ಲಿದ್ದರು. ಹೊರಗೆ ಬಂದು ನೋಡಿದರೆ ಬೋರ್ಡಿನ ಕೆಳಗೆ ಚಪ್ಪಲಿಗಳು ಸಾಲಾಗಿ ಬಿಟ್ಟ ಹಾಗೇ ಇವೆ. ಹವಾಯಿ, ಚರ್ಮದ್ದು, ಹೆಂಗಸರದೂ ಒಂದೆರಡು ಜೊತೆ. ಹೊಡೆಯೋಕೆ ಬಂದವರು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ನಿಯಮ ಮೀರಿ ಬೂಟು ಹಾಕಿಕೊಂಡು ನುಗ್ಗಿದವರಿಗೆ ಏನೂ ಆಗಲಿಲ್ಲ, ನಿಯಮ ಪಾಲಿಸಿದವರ ಪಾದ ಸೀಳಿತ್ತು. ಫುಟ್‌ಪಾತಿನ ಮೇಲೆ ರಕ್ತದ ಹೆಜ್ಜೆಗಳು ಎದುರುಗಡೆಯ ಟೈಲರ್ ಅಂಗಡಿ ದಾಟಿ ಎಲ್ಲೆಲ್ಲಿಗೋ ಹೋಗಿದ್ದವು.

ಆಸ್ಪತ್ರೆಯಲ್ಲಿ ಯಜಮಾನರ ದವಡೆಗೆ ತಂತಿ ಕಟ್ಟಿದರು. ಬಾಯಿ ತೆರೆಯುವ ಹಾಗಿಲ್ಲ, ಗಂಜಿಯನ್ನು ನಳಿಗೆಯಲ್ಲಿ ಹೀರಬೇಕು. ಏಟು ಇನ್ನೊಂದು ಬೆರಳು ಮೇಲೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು, ಇಲ್ಲಾ ಮನುಷ್ಯನೇ ಇರುತ್ತಿರಲಿಲ್ಲ ಅಂದರು ಡಾಕ್ಟರು. ಬೆರಳಷ್ಟು ಜಾಗ ಬಿಟ್ಟಳಲ್ಲ ತಾಯಿ ಅಂತ ಅಲ್ಲೇ ಕೈಮುಗಿದೆ. ಪಟದ ಗಾಜು ಕೂಡ ಬಿರುಕು ಬಿಟ್ಟಿರಲಿಲ್ಲ.

ನನ್ನ ಮೈದುನನಿಗೆ ಇದು ಯಾವುದೂ ದಯೆಯಾಗಿ ಕಾಣಲಿಲ್ಲ. ಅವನು ಮೈಸೂರು ರಸ್ತೆಯಲ್ಲಿ ಲಾರಿ ಮೆಕ್ಯಾನಿಕ್ಕು, ಮನೆ ಮೂಡಲಪಾಳ್ಯದಲ್ಲಿ. ಅಪ್ಪ ಇಲ್ಲದ ಹುಡುಗನನ್ನು ಯಜಮಾನರೇ ಸಾಕಿದ್ದರು. ಪೊಲೀಸರು ಶಟರ್ ಎಳೆದು ಕೀ ತೆಗೆದುಕೊಂಡು ಹೋಗಿದ್ದರು, ಅದನ್ನು ವಾಪಸ್ ಕೊಟ್ಟ ದಿನವೇ ಅವನು ಹೋಗಿ, ಎತ್ತಿಕೊಳ್ಳೋಕೆ ಯಾರಿಗೂ ಧೈರ್ಯ ಬಾರದೆ ಹೊರಗೇ ಬಿದ್ದಿದ್ದ ಚಪ್ಪಲಿಗಳನ್ನೆಲ್ಲಾ ಒಳಗೆ ಹಾಕಿದ. ಶಟರ್ ಅರ್ಧ ಎತ್ತಿ, ಅಣ್ಣನಿಗೆ ಹೊಡೆದ ಅದೇ ಕಂಬಿ ತೊಡೆ ಮೇಲೆ ಇಟ್ಟುಕೊಂಡು ಕೂತ.

"ಪೊಲೀಸ್ನೋರು ಏನ್ ಕಿತ್ತಾಕ್ತಾರೆ ಅತ್ತಿಗೆ? ಚಪ್ಪಲಿ ಹುಡುಕ್ಕೊಂಡು ಬಂದೇ ಬರ್ತಾರೆ, ನೋಡ್ತಿರಿ. ಬಂದೋರ ಕಾಲು ಮುರಿದು ಚಪ್ಪಲಿ ಕೈಗೆ ಕೊಡ್ತೀನಿ."

"ಬೇಡ ಕಣೋ. ಮನೇಲಿ ನಿನ್ನ ಹೆಂಡ್ತಿ ತುಂಬಿದ ಬಸುರಿ. ನೀನು ಜೈಲಿಗೆ ಹೋದ್ರೆ?"

"ಹೋದ್ರೆ ಹೋದೆ. ನಮ್ಮಣ್ಣಂಗೆ ಅನ್ನ ತಿನ್ನೋಕಾಗ್ತಿಲ್ಲ, ನೀವು ಜೈಲು ಅಂತೀರಾ."

ಅಂಗಡಿ ಹೋಯಿತು ಅನ್ನೋದು ನನಗೆ ಅರ್ಥವಾಗಿತ್ತು. ಅದನ್ನು ಮತ್ತೆ ಬೇಡುವ ಆಸೆ ಇರಲಿಲ್ಲ. ನನಗೆ ಬೇಕಿದ್ದಿದ್ದು ಒಂದೇ. ಈ ಹುಡುಗನ ಕೈಗೆ ರಕ್ತ ಹತ್ತಬಾರದು. ಇನ್ನೂ ಹುಟ್ಟದ ಮಗು ಅಪ್ಪನನ್ನು ಜೈಲಿನ ಕಂಬಿ ಹಿಂದೆ ನೋಡಬಾರದು. ಬೆಳಿಗ್ಗೆ ಸಂಜೆ ಲಕ್ಷ್ಮಿಯ ಮುಂದೆ ಅದನ್ನೇ ಕೇಳಿಕೊಂಡೆ.

ಬುಧವಾರ ಅವನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋದೆ. ಅಂಗಡಿ ಇನ್ನೂ ದೂರ ಇರುವಾಗಲೇ ಕೂಗು ಕೇಳಿಸಿತು. ಶಟರಿನ ಕೆಳಗೆ ಬಗ್ಗಿ ನೋಡಿದರೆ ಒಬ್ಬ ಹುಡುಗ ಗಾಜಿನ ಚೂರಿನ ನಡುವೆ ಅಂಗಾತ ಬಿದ್ದಿದ್ದಾನೆ, ಒಂದು ಕೈಯಲ್ಲಿ ಚರ್ಮದ ಚಪ್ಪಲಿ. ಪ್ಯಾಂಟು ಮೊಣಕಾಲ ಕೆಳಗೆ ಹರಿದು ರಕ್ತ ಸುರಿಯುತ್ತಿದೆ. ಮೈದುನ ಇನ್ನೊಂದು ಏಟಿಗೆ ಕಂಬಿ ಎತ್ತಿದ್ದ. ನಾನು ಕ್ಯಾರಿಯರ್ ಅಲ್ಲೇ ಹಾಕಿ ಹುಡುಗನ ಮೇಲೆ ಬಿದ್ದೆ. ಸಾರು ನಮ್ಮಿಬ್ಬರ ಮೇಲೂ ಚೆಲ್ಲಿತು. ಕಂಬಿ ನನ್ನ ಭುಜ ಸವರಿಕೊಂಡು ನೆಲಕ್ಕೆ ಬಡಿಯಿತು. ಈಗಲೂ ಚಳಿಗಾಲದಲ್ಲಿ ಆ ಭುಜ ಎತ್ತಲಾರೆ.

"ಏಳಿ ಅತ್ತಿಗೆ! ಏಳಿ ಅಂದ್ರೆ!"

"ದೇವರ ಪಟ ಕೊಟ್ಟೋನು ಕಣೋ ಇವ್ನು!"

"ದೇವರ ಪಟ ಕೊಟ್ಟು ಟೀವಿ ಎತ್ಕೊಂಡು ಹೋದ್ನಾ?"

"ಇಲ್ಲ ಸಾರ್," ಅಂದ ಕೆಳಗಿದ್ದ ಹುಡುಗ, ಅಳುತ್ತಾ. "ಶೆಲ್ಫ್ ಒಂದೇ ಸಾರ್. ಮನೇಲಿದೆ, ತಂದ್ಕೊಡ್ತೀನಿ."

ಮೈದುನನಿಗೆ ನಗು ಬಂತೋ ಅಳು ಬಂತೋ, ಗೋಡೆಗೆ ಕಂಬಿ ಬಡಿಯೋಕೆ ಶುರು ಮಾಡಿದ. ಗಾರೆ ಉದುರಿ ಇಟ್ಟಿಗೆ ಕಾಣುವವರೆಗೂ ಬಡಿದ. ಅಷ್ಟರಲ್ಲಿ ಹುಡುಗ ಶಟರಿನ ಕೆಳಗೆ ತೆವಳಿ ಹೋದ. ಚಪ್ಪಲಿ ಬಿಟ್ಟೇ ಹೋದ.

ಆಸ್ಪತ್ರೆಗೆ ಹೋಗಿ ಯಜಮಾನರಿಗೆ ಹೇಳಿದೆ, ಹೀಗೆ ನಿಮ್ಮ ತಮ್ಮ ಕಂಬಿ ಹಿಡ್ಕೊಂಡು ಕೂತಿದಾನೆ, ಇವತ್ತು ಒಂದು ಕಾಲು ಹೋಗೋದಿತ್ತು ಅಂತ. ಅವರಿಗೆ ಮಾತಾಡೋಕೆ ಆಗದು. ತಂತಿಯ ಸಂದಿಯಿಂದ ಗೊರಗೊರ ಶಬ್ದ ಬಂತು, ಕಣ್ಣಲ್ಲಿ ನೀರು ಇಳಿಯಿತು. ಮಾತಿಲ್ಲದ ಮನುಷ್ಯ ಎರಡೂ ಕೈ ಎತ್ತಿ ನನಗೆ ಮುಗಿದರು. ಮದುವೆಯಾದ ಮೇಲೆ ಅವರು ನನಗೆ ಕೈಮುಗಿದದ್ದು ಅದೇ ಮೊದಲು. ನಾನು ಅವರ ಕೈ ಕೆಳಗಿಳಿಸಿ, "ನೋಡ್ತೀನಿ ಬಿಡಿ" ಅಂದೆ. ಏನು ನೋಡುತ್ತೇನೆ ಅಂತ ನನಗೂ ಗೊತ್ತಿರಲಿಲ್ಲ.

ಆಮೇಲಿನ ಎರಡು ದಿನವೂ ಅವನು ಅಲ್ಲೇ ಕೂತ. ನಮ್ಮ ಪುಣ್ಯಕ್ಕೆ ಯಾರೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಅಂಗಡಿ ಹತ್ತಿರದ ಆಂಜನೇಯನ ಗುಡಿಗೆ ಹೋದಾಗ ದಾರಿ ಕಾಣಿಸಿತು. ಪ್ರದಕ್ಷಿಣೆ ಹಾಕುತ್ತಿದ್ದವರಲ್ಲಿ ಕೆಲವರು ಕುಂಟುತ್ತಿದ್ದರು. ಪಾದಕ್ಕೆ ಬಟ್ಟೆ ಸುತ್ತಿಕೊಂಡವರು ನನ್ನನ್ನು ಕಂಡೊಡನೆ ಕಂಬದ ಮರೆಗೆ ಸರಿದರು. ಕೆಳಗೆ ನೋಡಿಕೊಂಡೇ ನಾನು ತೀರ್ಥ ತೆಗೆದುಕೊಂಡೆ. ಹೊರಗೆ ಬಂದರೆ ಗೋಡೆಯುದ್ದಕ್ಕೂ ಚಪ್ಪಲಿಗಳು. ಇಲ್ಲಿ ಯಾರು ಯಾವ ಚಪ್ಪಲಿ ಮೆಟ್ಟಿಕೊಂಡು ಹೋದರೂ ಯಾರೂ ಕೇಳುವುದಿಲ್ಲವಲ್ಲ ಅನ್ನಿಸಿತು.

ಬೆಳಗಿನ ಹೊತ್ತು ಮೈದುನ ಆಸ್ಪತ್ರೆಗೆ ಹೋಗಿ ಅಣ್ಣನ ಮೈ ಒರೆಸುತ್ತಿದ್ದ. ಅಂಗಡಿಯ ಇನ್ನೊಂದು ಕೀ ನಮ್ಮ ದೇವರ ಮನೇಲಿತ್ತು. ಅದನ್ನು ತಂದು ಶಟರ್ ಎತ್ತಿ, ಚಪ್ಪಲಿಗಳನ್ನೆಲ್ಲಾ ಗೋಣಿಚೀಲಕ್ಕೆ ತುಂಬಿದೆ. ಎದುರಿನ ಟೈಲರು ಕತ್ತರಿ ಹಿಡಿದುಕೊಂಡೇ ಓಡಿ ಬಂದರು.

"ಅಕ್ಕಾವ್ರೇ, ನಿಮಗೇನ್ ತಲೆ ಕೆಟ್ಟಿದ್ಯಾ? ಹೊಡೆದೋರ ಚಪ್ಪಲಿ ಹೊತ್ಕೊಂಡ್ ಹೋಗ್ತೀರಲ್ಲ!"

"ಇಟ್ಕೊಂಡು ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ಎಲ್ಲರಿಗೂ ಹೇಳ್ಬಿಡಿ. ಅಂಗಡಿ ಕಡೆ ಯಾರೂ ಬರ್ಬೇಡಿ, ಚಪ್ಪಲಿ ಗುಡಿ ಹತ್ರ ಇದೆ ಅಂತ."

ಗುಡಿಯ ಗೋಡೆ ಪಕ್ಕ ಜೊತೆ ಜೊತೆಯಾಗಿ ಜೋಡಿಸಿಟ್ಟು, ಒಳಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಯಾರ ಮುಖವೂ ನನಗೆ ಬೇಡವಾಗಿತ್ತು. ಹಿಂದೆ ಹೆಜ್ಜೆ ಸದ್ದು ಕೇಳಿಸುತ್ತಿತ್ತು, ಗಂಟೆ ಬಾರಿಸುತ್ತಿತ್ತು, ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ದೂರವಾಗುತ್ತಿತ್ತು. ಮಧ್ಯಾಹ್ನದ ಪೂಜೆಗೆ ಇನ್ನೂ ಹೊತ್ತಿತ್ತು, ಹೂ ಮಾರುವ ಹೆಂಗಸಿನ ದೊಡ್ಡ ಗಂಟಲು ಕೇಳಿತು.

"ಏಯ್ ಅಣ್ಣಾ, ಕಂಬಿ ಹಿಡ್ಕೊಂಡು ಗುಡಿಗೆ ಬರ್ತೀಯಲ್ಲ, ಒಳಗಿರೋನ ಹತ್ರ ಗದೆ ಇದೆ ಕಣಪ್ಪ!"

ತಿರುಗಿ ನೋಡಿದೆ. ಮೈದುನ. ಖಾಲಿ ಅಂಗಡಿ ನೋಡಿ, ಟೈಲರನ್ನು ಕೇಳಿಕೊಂಡು ನೇರ ಬಂದಿದ್ದ, ಕಣ್ಣು ಕೆಂಡ. ಅವನ ಮುಂದೆ ಒಬ್ಬ ಮುದುಕರು, ಪಾದಕ್ಕೆ ದಪ್ಪ ಬಟ್ಟೆ ಸುತ್ತಿದ್ದರು, ಒಂಟಿ ಕಾಲಲ್ಲಿ ನಿಂತು ತಮ್ಮ ಚಪ್ಪಲಿಗೆ ಪಾದ ತೂರಿಸಲು ಒದ್ದಾಡುತ್ತಿದ್ದರು. ನಾನು ಎದ್ದು ಓಡಬೇಕು ಅನ್ನುವಷ್ಟರಲ್ಲಿ ಮುದುಕರು ಜೋಲಿ ಹೊಡೆದು, ಪಕ್ಕದಲ್ಲಿ ನಿಂತವನು ಯಾರು ಅಂತಲೂ ನೋಡದೆ ಅವನ ತೋಳು ಹಿಡಿದರು.

"ಒಂಚೂರು ನಿಂತ್ಕೊಳ್ಳಪ್ಪ. ಗಾಜು ಚುಚ್ಚಿದೆ, ಊರಕ್ಕಾಗ್ತಿಲ್ಲ."

ಮೈದುನ ನಿಂತ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ತೋಳಿಗೆ ಮುದುಕರು ಪೂರಾ ಭಾರ ಹಾಕಿ ಜೋತುಬಿದ್ದಿದ್ದಾರೆ. ಅವರಿಗೆ ಬೆರಳು ಚಪ್ಪಲಿ ಪಟ್ಟಿಯೊಳಗೆ ಹೋಗುತ್ತಿರಲಿಲ್ಲ, ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ಅಲುಗಾಡಲಿಲ್ಲ. ಕೊನೆಗೆ ಮುದುಕರು "ದೇವ್ರು ಒಳ್ಳೇದು ಮಾಡ್ಲಿ" ಅಂದು ಕುಂಟುತ್ತಾ ಹೋದರು. ಅವನು ಅವರ ಬೆನ್ನು ನೋಡುತ್ತಾ ನಿಂತ. ಆಮೇಲೆ ನನ್ನನ್ನು ನೋಡಿದ.

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಗೋಡೆ ಪಕ್ಕ ಉಳಿದಿದ್ದ ಚಪ್ಪಲಿಗಳನ್ನು ಕಾಲಿನಿಂದ ಸರಿಸಿ ಸರಿಸಿ ನೋಡಿದ.

"ಇದ್ರಲ್ಲಿ ಅಣ್ಣಂದು ಯಾವ್ದು ಅತ್ತಿಗೆ?"

ಆಗ ನೆನಪಾಯಿತು. ಅವರೂ ತಮ್ಮ ಅಂಗಡಿಯ ನಿಯಮ ತಪ್ಪದ ಮನುಷ್ಯ, ಅವತ್ತು ಅವರ ಚಪ್ಪಲಿಯೂ ಹೊರಗೇ ಇತ್ತು. ಅವಸರದಲ್ಲಿ ಅದನ್ನೂ ಚೀಲಕ್ಕೆ ತುಂಬಿದ್ದೆ. ಹಿಮ್ಮಡಿ ಸವೆದ ಕಂದು ಚಪ್ಪಲಿ ತೋರಿಸಿದೆ. ಯಾರೂ ಮುಟ್ಟಿರಲಿಲ್ಲ. ಅವನು ಬಗ್ಗಿ ಎತ್ತಿಕೊಂಡ, ಹೂವಿನವಳ ಹತ್ತಿರ ಹಳೇ ಪೇಪರ್ ಕೇಳಿ ಸುತ್ತಿದ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಕಂಬಿ ಅವನ ಕೈಯಲ್ಲಿರಲಿಲ್ಲ. ಎಲ್ಲಿ ಬಿಟ್ಟೆ ಅಂತ ನಾನು ಕೇಳಲಿಲ್ಲ.

ವಾರ್ಡಿನಲ್ಲಿ ಅಣ್ಣನ ಮಂಚದ ಕೆಳಗೆ, ಇಳಿದರೆ ಕಾಲಿಗೆ ಸಿಗುವ ಹಾಗೆ, ಅವನ್ನು ಜೋಡಿಸಿಟ್ಟ. ಯಜಮಾನರು ಮಗ್ಗುಲಾಗಿ, ತಂತಿ ಕಟ್ಟಿದ ಮುಖವನ್ನು ಮಂಚದ ಅಂಚಿಗೆ ತಂದು, ಕೆಳಗೆ ಬಗ್ಗಿ ನೋಡಿದರು. ತಮ್ಮನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು, ಎರಡು ಕಡೆಯೂ. ಗ್ರೀಸಿನ ಕಲೆ ಬಿಟ್ಟರೆ ಏನೂ ಇರಲಿಲ್ಲ.