ಲ್ಯಾಬಿಗೆ ಉಟ್ಟ ನೈಲಾನ್ ಸೀರೆ

...ಅಥವಾ ಸೀರೆ ಹಸಿರು ಬಣ್ಣದ್ದೇ ಆಗಿರಲಿಲ್ಲವೇನೋ. ಹಸಿರು ಎಂದು ಬರೆದು ಹೊಡೆದುಹಾಕಿದೆ, ನೀಲಿ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ವಾಸನೆಯೊಂದೇ ಖಚಿತ. ಕಳೆದ ವಾರ ಮನ್ರೋ ಊರಿನ ಈ ಮನೆಯಲ್ಲಿ ಮೊಮ್ಮಗಳು ತನ್ನ ಜಾಕೆಟ್ಟಿಗೆ ಇಸ್ತ್ರಿ ಹಾಕಲು ಹೋಗಿ ಸುಟ್ಟಳು. ಕರಗಿದ ನೂಲಿನ ಆ ಕಮಟು ಮೇಲಿನ ಕೋಣೆಯವರೆಗೂ ಬಂತು. ಓಡೋಡಿ ಮೆಟ್ಟಿಲಿಳಿದು ಇಸ್ತ್ರಿಯ ಪ್ಲಗ್ಗು ಕಿತ್ತೆ. “ರಿಲ್ಯಾಕ್ಸ್ ಅಜ್ಜಿ, ಇಟ್ಸ್ ಜಸ್ಟ್ ಎ ಜಾಕೆಟ್” ಎಂದಳು ಅವಳು.

ಅವಳಿನ್ನೂ ಹೈಸ್ಕೂಲು. ಆದರೂ ಕಾಲೇಜಿನ ಒಂದು ಕೋರ್ಸು ತೆಗೆದುಕೊಂಡಿದ್ದಾಳೆ. ಇಲ್ಲಿ ಈಗ ಅದು ಮಾಮೂಲು. ಅವಳ ಸ್ಕೂಲಿನಲ್ಲಿ ಪೋಷಕರನ್ನು ಕೂರಿಸಿಕೊಂಡು ಅದರ ಲಾಭಗಳನ್ನು ಹೇಳಿದರು: ಕ್ರೆಡಿಟ್ ಮೊದಲೇ ಸಿಗುತ್ತದೆ, ಕಾಲೇಜು ಬೇಗ ಮುಗಿಯುತ್ತದೆ, ಮಕ್ಕಳಿಗೆ ಧೈರ್ಯ ಬರುತ್ತದೆ. ಎಲ್ಲವೂ ನಿಜ. ಅವಳ ವಯಸ್ಸಿನಲ್ಲಿ ಅಂಥದೇ ಕೋರ್ಸು ಮಾಡಿ ನನಗೂ ಎಲ್ಲವೂ ಸಿಕ್ಕಿತು. ಆದರೆ ಧೈರ್ಯ ಬರುವ ಮೊದಲು ಒಂದು ಇಡೀ ಚಳಿಗಾಲ ನಾನು ಹೆದರಿಕೊಂಡೇ ಇದ್ದೆ. ಆ ಚಳಿಗಾಲದ ತುಂಬ ನಮ್ಮ ಪಕ್ಕದ ಮನೆಯ ಆಂಟಿ ಇದ್ದಾರೆ.

ಎಪ್ಪತ್ತರ ದಶಕದ ನಡುವಿನ ಮಾತು. ಮಾರಿಸ್‌ಟೌನ್ ಅಂಚಿನ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದವರೆಂದರೆ ನಾವು ಮತ್ತು ಅವರು. ನಾವು ಮೈಸೂರಿನ ಕಡೆ, ಅವರು ಧಾರವಾಡದವರು. ಅಪ್ಪ ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿಬರುತ್ತಿದ್ದರು. ದಾರಿಯಲ್ಲಿ ಕಂಡ ಕಾಲೇಜು ಹುಡುಗರ ಕೂದಲು, ಹುಡುಗಿಯರ ಬಟ್ಟೆ ಅವರನ್ನು ಒಂದು ತೀರ್ಮಾನಕ್ಕೆ ತಂದಿದ್ದವು: ಹೈಸ್ಕೂಲು ಮುಗಿದ ತಕ್ಷಣ ನನ್ನನ್ನು ಬೆಂಗಳೂರಿಗೆ, ಅತ್ತೆಯ ಮನೆಗೆ ಕಳಿಸುವುದು. ಅಲ್ಲಿ ಓದು, ಆಮೇಲೆ ಅಲ್ಲೇ ಮದುವೆ. ನನಗೆ ಆ ಅತ್ತೆಯ ಮುಖವೂ ಸರಿಯಾಗಿ ನೆನಪಿರಲಿಲ್ಲ.

ನನ್ನ ಸ್ಕೂಲಿನ ಕೌನ್ಸೆಲರ್ ಒಂದು ದಾರಿ ಹೇಳಿದರು. ಎರಡು ಊರು ಆಚೆ ಒಂದು ಸಣ್ಣ ಕಾಲೇಜಿದೆ, ಶನಿವಾರ ಅಲ್ಲಿ ಕೆಮಿಸ್ಟ್ರಿ ಕ್ಲಾಸು. ಈಗಲೇ ಪಾಸು ಮಾಡಿಕೊಂಡರೆ ಅವರು ಮುಂದೆ ನೇರ ಸೇರಿಸಿಕೊಳ್ಳುತ್ತಾರೆ, ಮನೆಯಿಂದಲೇ ಓದಬಹುದು. ಅಪ್ಪ ಬಹಳ ಯೋಚಿಸಿ ಒಪ್ಪಿದರು. ಆದರೆ ಒಬ್ಬಳೇ ಹೋಗಕೂಡದು, ಜೊತೆಗೆ ಯಾರಾದರೂ ದೊಡ್ಡವರು ಇರಬೇಕು. ಏನಾದರೂ ಎಡವಟ್ಟಾದರೆ ಅಂದೇ ಕೊನೆ. ಅಮ್ಮನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಅಪ್ಪನಿಗೆ ಶನಿವಾರವೂ ಆಫೀಸು. ಆಂಟಿ ಆಗಷ್ಟೇ ಲೈಸೆನ್ಸ್ ತೆಗೆದುಕೊಂಡಿದ್ದರು.

ಹಿಮ ಬಿದ್ದ ರಸ್ತೆಯಲ್ಲಿ ಅವರ ಡ್ರೈವಿಂಗು ನನ್ನ ಮೊದಲ ಭಯ. “ನೀ ಎಡಕ್ಕ ನೋಡು, ನಾ ಬಲಕ್ಕ ನೋಡ್ತೀನಿ. ನಡುವ ದೇವರು ನೋಡ್ಲಿ” ಎನ್ನುತ್ತಿದ್ದರು. ಎರಡನೆಯ ಭಯ ಕ್ಲಾಸು. ಅಲ್ಲಿದ್ದವರೆಲ್ಲ ದೊಡ್ಡವರು, ಯುದ್ಧ ಮುಗಿಸಿ ಬಂದ ಗಂಡಸರು ಹಸಿರು ಮಿಲಿಟರಿ ಕೋಟು ಹಾಕಿಕೊಂಡೇ ಕೂರುತ್ತಿದ್ದರು. ಗಡ್ಡದ ಮೇಷ್ಟ್ರು ಒಳಗೆ ಬಂದಾಗ ಆಂಟಿ ಎದ್ದು ನಿಂತರು. ಅವರನ್ನು ನೋಡಿ ನಾನೂ ನಿಂತೆ. ಉಳಿದವರೆಲ್ಲ ಕೂತೇ ಇದ್ದರು. ಮೇಷ್ಟ್ರು ಏನಾದರೂ ತೊಂದರೆಯೇ ಎಂದು ಕೇಳಿದರು.

ಆಂಟಿ ಹೊರಗೆ ಕಾರಿಡಾರಿನಲ್ಲಿ ಕೂತಿರಬೇಕು ಎಂಬುದು ಮನೆಯವರ ಲೆಕ್ಕ. ಅವರು ಕೂರಲಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಮದುವೆಯಾಗಿ ಓದು ಅರ್ಧಕ್ಕೇ ಬಿಟ್ಟವರು. ಲ್ಯಾಬಿನಲ್ಲಿ ನನಗೆ ಜೋಡಿ ಯಾರೂ ಇರಲಿಲ್ಲ. ತಾವೇ ಜೋಡಿಯಾಗಿ ನಿಲ್ಲಬಹುದೇ ಎಂದು ಆಂಟಿ ಮೇಷ್ಟ್ರನ್ನು ಕೇಳಿದರು, ಅವರು ಹೂಂ ಎಂದರು. ಆಂಟಿಯ ಯಜಮಾನರಿಗೂ ಇದು ಗೊತ್ತಿರಲಿಲ್ಲ. ಪಿಪೆಟ್ಟು ಹಿಡಿದಾಗ ಅವರ ಮುಖ... ಆ ಮುಖವನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಆಗ ನಾನು ನೋಡುತ್ತಿದ್ದುದು ಬಾಗಿಲನ್ನು.

ಸೀರೆಯ ವಿಷಯ ಹೇಳಬೇಕು. ಮನೆಯಲ್ಲಿ ಒಲೆಯ ಮುಂದೆ ಆಂಟಿ ನೈಲಾನ್ ಉಟ್ಟವರೇ ಅಲ್ಲ. ಹೊರಗಿನಿಂದ ಬಂದರೆ ಮೊದಲು ಹತ್ತಿ ಸೀರೆಗೆ ಬದಲಾಯಿಸಿ, ಆಮೇಲೆ ಗ್ಯಾಸು ಹಚ್ಚುವುದು. ನನ್ನ ಅಮ್ಮನಿಗೂ ಅದೇ ಬುದ್ಧಿ ಹೇಳಿದ್ದರು. ಆದರೆ ಕಾಲೇಜೆಂದರೆ ಹೊರಗೆ ಹೋಗುವುದು. ಹತ್ತಿ ಸೀರೆ ಉಟ್ಟು ಹೋದರೆ ಅಡುಗೆಮನೆಯಿಂದ ಎದ್ದು ಬಂದಂತೆ ಕಾಣುತ್ತದೆ. ಆದ್ದರಿಂದ ನೈಲಾನ್. ಲ್ಯಾಬಿನ ಮೇಜಿನ ಮೇಲೂ ಗ್ಯಾಸು ಉರಿಯುತ್ತದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಂಟಿ ಬರ್ನರ್ ಬಳಿ ಬಗ್ಗಿದಾಗ ಉರಿ ಸೆರಗಿಗೆ ತಾಕಿತು. ಹಗಲು ಬೆಳಕಿನಲ್ಲಿ ಆ ಬೆಂಕಿ ಸರಿಯಾಗಿ ಕಾಣಿಸಲೂ ಇಲ್ಲ. ಮೊದಲು ವಾಸನೆ, ಆಮೇಲೆ ಬಟ್ಟೆ ಹನಿಹನಿಯಾಗಿ ಕರಗಿ ಅವರ ಕಾಲಿಗೆ ಅಂಟಿಕೊಂಡಿತು. ಮೂಲೆಯಲ್ಲಿ ತಲೆಯ ಮೇಲಿಂದ ನೀರು ಸುರಿಯುವ ಶವರ್ ಇತ್ತು, ಸರಪಳಿ ಎಳೆದರೆ ಸಾಕು. ನಾನೇ ಎಳೆದೆ ಎಂದು ಮಕ್ಕಳಿಗೆ ಹೇಳಿದ್ದೇನೆ. ಆದರೆ ಅಷ್ಟೂ ಹೊತ್ತು ನನ್ನ ಎರಡೂ ಕೈಯಲ್ಲಿ ಗಾಜಿನ ಕೊಳವೆಗಳಿದ್ದ ನೆನಪೂ ಇದೆ. ಎರಡೂ ನಿಜವಾಗಿರಲಾರವು. ಯಾರೋ ಎಳೆದರು. ಮಿಲಿಟರಿ ಕೋಟಿನವರೊಬ್ಬರು ಕೋಟು ಬಿಚ್ಚಿ ಆಂಟಿಗೆ ಹೊದಿಸಿದರು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಕಾಲೇಜಿನ ನರ್ಸು ಪಟ್ಟಿ ಕಟ್ಟಿದರು. ಆಸ್ಪತ್ರೆ ಬೇಡ, ಮನೆಗೆ ಫೋನೂ ಬೇಡ ಎಂದು ಆಂಟಿ ಮೇಷ್ಟ್ರನ್ನು ಬೇಡಿಕೊಂಡರು. ಕಾರಿನಲ್ಲಿ ಹೀಟರು ಬಿಸಿಯಾಗುವವರೆಗೆ ಹಲ್ಲು ಕಟಕಟ ಎನ್ನುತ್ತಿದ್ದವು, ಅವರವೋ ನನ್ನವೋ.

“ಮನಿಯಾಗ ಯಾರಿಗೂ ಹೇಳಬ್ಯಾಡ” ಎಂದರು. “ಹೇಳಿದ್ರ ನಿಮ್ಮಪ್ಪ ನಿನ್ನ ಬೆಂಗಳೂರಿಗೆ ಕಳಸ್ತಾರ.”

“ನಿಮ್ಮ ಕಾಲು?”

“ಒಲಿ ಮುಂದ ಸುಟ್ಕೊಂಡೆ. ಅಷ್ಟ.”

ಆ ವಾರ ಫೋನು ರಿಂಗಾದಾಗಲೆಲ್ಲ, ಮೇಷ್ಟ್ರು ಮನಸ್ಸು ಬದಲಾಯಿಸಿದರೆಂದುಕೊಂಡು ಅಮ್ಮನಿಗಿಂತ ಮೊದಲೇ ಓಡಿಹೋಗಿ ಎತ್ತುತ್ತಿದ್ದೆ. ಒಂದು ಮಧ್ಯಾಹ್ನ ಅಮ್ಮ ಬಿಸಿ ಸಾರು ತೆಗೆದುಕೊಂಡು ಆಂಟಿಯನ್ನು ನೋಡಲು ಹೊರಟರು, ನನ್ನನ್ನೂ ಕರೆದರು. ಆಂಟಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು. ಸುಟ್ಟ ಸೀರೆ ಬಾತ್‌ರೂಮಿನ ಬಾಗಿಲಿನ ಮೇಲೆ ಒಣಗುತ್ತಿತ್ತು. ಯಾಕೆ ಬಿಸಾಡಿರಲಿಲ್ಲವೋ. ಅಮ್ಮ ಅದರ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ನೈಲಾನ್ ಉಟ್ಕೊಂಡು ಒಲೆ ಹಚ್ಚಿದ್ರಾ? ನೀವಾ?”

“ಮರತೆ, ಅಕ್ಕಾರ.”

ಅಮ್ಮ ನನ್ನನ್ನು ನೋಡಿದರು. ನಾನು ಕಾರ್ಪೆಟ್ಟನ್ನು ನೋಡಿದೆ. ಬೆಂಗಳೂರಿನ ಮನೆ, ಮುಖ ಮರೆತ ಅತ್ತೆ, ಎಲ್ಲ ಕಣ್ಣ ಮುಂದೆ ಬಂತು. ಅಮ್ಮ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಕೇಳಿದರು, “ಹಾಗಾದ್ರೆ ಈ ಶನಿವಾರ ಇವಳ ಜೊತೆ ಯಾರು ಹೋಗ್ತಾರೆ?”

“ನಾನ ಹೋಗ್ತೀನಿ” ಎಂದರು ಆಂಟಿ.

ಹೋದರು. ಕುಂಟುತ್ತಲೇ ಕಾರು ಹತ್ತಿದರು. ಆದರೆ ಅಂದಿನಿಂದ ಅವರು ಲ್ಯಾಬಿನ ಒಳಗೆ ಬರಲಿಲ್ಲ. ಮೇಷ್ಟ್ರೇ ಪಾರ್ಕಿಂಗ್ ಲಾಟಿಗೆ ಬಂದು ಕರೆದರು, ಪ್ಯಾಂಟು ಹಾಕಿಕೊಂಡು ಬಂದರೆ ಸಾಕು ಎಂದರು. ಆಂಟಿ ನಕ್ಕು ತಲೆ ಅಲ್ಲಾಡಿಸಿದರು. ಶಾಲು ಹೊದ್ದು ಕಾರಿನಲ್ಲೇ ಕೂತಿರುತ್ತಿದ್ದರು. ವಾಪಸು ಬರುವ ದಾರಿಯಲ್ಲಿ ಅಂದು ಮಾಡಿದ್ದನ್ನೆಲ್ಲ ನನ್ನ ಬಾಯಿಂದ ಹೇಳಿಸುತ್ತಿದ್ದರು. ಯಾವುದಕ್ಕೆ ಯಾವುದು ಸೇರಿತು, ಬಣ್ಣ ಯಾಕೆ ತಿರುಗಿತು. ನನಗೆ ಗೊತ್ತಿಲ್ಲದಿದ್ದರೆ, “ಮುಂದಿನ ವಾರ ಕೇಳ್ಕೊಂಡು ಬಾ” ಎನ್ನುತ್ತಿದ್ದರು. ಅವರಿಗೆ ಹೇಳಬೇಕಲ್ಲ ಎಂದು ನಾನು ಆ ದೊಡ್ಡವರ ಮಧ್ಯೆ ಕೈ ಎತ್ತಿ ಕೇಳಲು ಕಲಿತೆ.

ಪಾಸಾಯಿತು. ಬೆಂಗಳೂರಿನ ಮಾತು ನಿಧಾನವಾಗಿ ನಿಂತಿತು. ಅದೇ ಕಾಲೇಜಿಗೆ ಸೇರಿದಾಗ ನನ್ನ ಓರಗೆಯವರು ಇನ್ನೂ ಶುರುಮಾಡುತ್ತಿದ್ದುದನ್ನು ನಾನು ಮುಗಿಸಿಯಾಗಿತ್ತು. ಅಷ್ಟರಲ್ಲಿ ಆಂಟಿಯ ಯಜಮಾನರಿಗೆ ಟೆಕ್ಸಾಸಿನಲ್ಲಿ ಕೆಲಸ ಸಿಕ್ಕಿ ಅವರು ಹೊರಟುಹೋಗಿದ್ದರು. ಬಹಳ ವರ್ಷಗಳ ಮೇಲೆ ಎಡಿಸನ್‌ನಲ್ಲಿ ಯಾರದೋ ಮನೆಯ ಯುಗಾದಿ ಊಟದಲ್ಲಿ, ಆಂಟಿ ತೀರಿಕೊಂಡು ಆಗಲೇ ಒಂದು ವರ್ಷವಾಯಿತು ಎಂದು ಯಾರೋ ಹೇಳಿದರು.

ಅಮ್ಮನಿಗೆ ಗೊತ್ತಾಗಿತ್ತೇ ಎಂದು ನಾನು ಕೇಳಲಿಲ್ಲ. ಈಗ ಅಮ್ಮನೂ ಇಲ್ಲ. ಆಂಟಿ ಬೆಂಕಿಗೆ ಹೆದರಿ ಲ್ಯಾಬು ಬಿಟ್ಟರೋ, ಇನ್ನೊಮ್ಮೆ ಏನಾದರೂ ಆದರೆ ನನ್ನ ಓದು ನಿಲ್ಲುತ್ತದೆಂದು ಬಿಟ್ಟರೋ, ಟೆಕ್ಸಾಸಿನಲ್ಲಿ ಮತ್ತೆ ಯಾವುದಾದರೂ ಕಾಲೇಜಿನ ಒಳಗೆ ಕಾಲಿಟ್ಟರೋ... ನನಗೆ ಗೊತ್ತಿಲ್ಲ.