ತಾಲೀಮಿನ ಹೆಂಡತಿ

ಜಗಳೂರು ಕಡೆಯ ನಮ್ಮೂರಿನ ನಾಟಕ ಸಂಘದಲ್ಲಿ ಗಂಡು ಪಾತ್ರಧಾರಿಗಳಿಗೆ ಬರವಿಲ್ಲ. ಮೀಸೆ ಬಂದವರೆಲ್ಲ ನಾಯಕರೇ. ನಾಯಕಿ ಮಾತ್ರ ದಾವಣಗೆರೆಯಿಂದ ಬರಬೇಕು, ಅದೂ ನಾಟಕದ ದಿನವೇ. ಅಲ್ಲಿಯವರೆಗೆ ತಾಲೀಮಿನಲ್ಲಿ ಆಕೆಯ ಜಾಗದಲ್ಲಿ ನಿಂತು ಹಾಡುತ್ತಿದ್ದವಳು ಗಾದ್ರಮ್ಮ, ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ, ಹಾರ್ಮೋನಿಯಂ ಮಾಸ್ತರು ಓಬಳಪ್ಪನವರ ತಂಗಿ.

ನಾವು ಪ್ರತಿ ವರ್ಷ ಆಡುವುದು ಒಂದೇ ನಗೆನಾಟಕ. ಗಂಡ ಹೆಂಡಿರು ಅದರಲ್ಲಿ ಮಾತಿಗಿಂತ ಹಾಡಿನಲ್ಲೇ ಹೆಚ್ಚು ಜಗಳವಾಡುತ್ತಾರೆ. ಎಷ್ಟೋ ಗಂಡಂದಿರು ಬದಲಾದರು, ತಾಲೀಮಿನ ಹೆಂಡತಿ ಬದಲಾಗಲಿಲ್ಲ. ಅವಳ ಆಸೆ ಊರಿಗೆಲ್ಲ ಗೊತ್ತಿತ್ತು: ಒಂದು ಸಲವಾದರೂ ರಂಗದ ಮೇಲೆ ನಿಂತು ಹಾಡಬೇಕು. ಕೇಳಿದಾಗಲೆಲ್ಲ ಅಣ್ಣನದು ಒಂದೇ ರಾಗ.

"ನಮ್ಮೂರ ಹೆಣ್ಮಕ್ಳು ಸ್ಟೇಜ್ ಹತ್ತಾಕಿಲ್ಲವ್ವ. ಜನ ಏನಂತಾರೆ?"

ಜನ ಎಂದರೆ ನಾವೇ. ನಮ್ಮನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ತಲೆ ಕೆರೆದುಕೊಂಡು ಸುಮ್ಮನಿರುತ್ತಿದ್ದೆವು, ಅದು ಬೇರೆ ಮಾತು.

ಹೋದ ವರ್ಷ ಗಂಡನ ಪಾತ್ರ ತಿಮ್ಮೇಶನದು. ಟ್ರ್ಯಾಕ್ಟರ್ ಓಡಿಸುವವನು, ಅವನಿಗದು ಮೊದಲ ನಾಟಕ. ಗಾದ್ರಮ್ಮನಿಂದ ಬೈಸಿಕೊಂಡೇ ಹಾಡು ಕಲಿತಿದ್ದ. ನಾಟಕದ ದಿನ ಎದುರಿಗೆ ಬಂದು ನಿಂತದ್ದು ಚೈತ್ರಶ್ರೀ ಎಂಬ ನಟಿ. ಆಕೆ ತನ್ನ ಸಾಲು ಚೆನ್ನಾಗಿಯೇ ಹಾಡಿದಳು. ಇವನಿಗೆ ಬಾಯಿ ಕಟ್ಟಿತು. ಅಭ್ಯಾಸಬಲ ನೋಡಿ, ಕಣ್ಣು ಮುಂದಿನ ಚಾಪೆಯಲ್ಲಿ ಕೂತಿದ್ದ ಗಾದ್ರಮ್ಮನನ್ನು ಹುಡುಕಿತು. ಎದುರಿನ ಹೆಂಡತಿಗೆ ಬೆನ್ನು ತಿರುಗಿಸಿ ಇವಳಿಗೇ ಹಾಡತೊಡಗಿದ. ಜನ ಬಿದ್ದು ಬಿದ್ದು ನಕ್ಕರು. ಅವನು ಮುಗಿಸುತ್ತಲೇ ಗಾದ್ರಮ್ಮ, ತಾಲೀಮಿನಲ್ಲಿ ಮಾಡುವಂತೆಯೇ, ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತು ಉತ್ತರ ಹಾಡಿಬಿಟ್ಟಳು.

"ಒನ್ಸ್ ಮೋರ್!" ಎಂದು ಕೂಗು ಬಿತ್ತು. ನಮ್ಮಲ್ಲಿ ಒನ್ಸ್ ಮೋರ್ ಬಿದ್ದರೆ ಹಾಡಿದವರೇ ರಂಗದ ಮೇಲೆ ಇನ್ನೊಮ್ಮೆ ಹಾಡಬೇಕು. ಇಲ್ಲದಿದ್ದರೆ ನಾಟಕ ಮುಂದೆ ಹೋಗುವುದಿಲ್ಲ.

ಚೈತ್ರಶ್ರೀಯೇ ಅಂಚಿಗೆ ಬಂದು ಕೈ ಚಾಚಿದಳು. "ಬರ್ರಿ ಅಕ್ಕಾ, ಕೂಗ್ತಿರಾದು ನಿಮ್ಮನ್ನ."

ಗಾದ್ರಮ್ಮ ಅಣ್ಣನ ಮುಖ ನೋಡಿದಳು. ಓಬಳಪ್ಪ ತಲೆ ತಗ್ಗಿಸಿಕೊಂಡೇ ಹಾರ್ಮೋನಿಯಂ ನುಡಿಸತೊಡಗಿದರು. ಅವಳು ಹತ್ತಿದಳು, ಹಾಡಿದಳು. ಜನ ಏನೂ ಅನ್ನಲಿಲ್ಲ, ಚಪ್ಪಾಳೆ ತಟ್ಟಿದರು. ಅಷ್ಟು ಖುಷಿ ನನಗೆ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

ಈ ವರ್ಷ ತಾಲೀಮು ಶುರುವಾಗುವ ಮುಂಚೆ ಓಬಳಪ್ಪ ತಂಗಿಯ ಮನೆಗೆ ಹೋದರು.

"ನಾಳೆಯಿಂದ ತಾಲೀಮಿಗೆ ಬಾರವ್ವ. ಚೈತ್ರಶ್ರೀಗೂ ಹೇಳೀನಿ, ನಾಟಕದ ದಿನ ಬರ್ತಾಳೆ."

ಗಾದ್ರಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ. "ಹಂಗಾದ್ರೆ ತಾಲೀಮಿಗೂ ಆಕೀನೇ ಬರ್ಲಿ ಬಿಡಣ್ಣ."

ಓಬಳಪ್ಪ ಎದ್ದು ಹೋಗಲಿಲ್ಲ, ಬಯ್ಯಲೂ ಇಲ್ಲ. ಜಗುಲಿಯ ಮೇಲೆ ಕೂತಲ್ಲಿಂದಲೇ ಫೋನು ತೆಗೆದು ದಾವಣಗೆರೆಗೆ ಹಚ್ಚಿದರು.

"ಚೈತ್ರಶ್ರೀಯವ್ರಾ? ಈ ಸಲ ನೀವು ಅತ್ತೆ ಪಾತ್ರಕ್ಕೆ ಬರ್ರಿ. ಹೆಂಡ್ತಿ ನಮ್ಮೂರಾಗೇ ಐದಾಳೆ."